ಈ ‘ನಾವು’ನಲ್ಲಿ ನಾನು ಇದ್ದೀನಾ?

1/9

ಭಾಷೆ ಕಲಿಯೋರು ಬರೆದಿದ್ದನ್ನ ಓದೋ ಚಟ ನನಗೆ. ಯಾವ ಭಾಷೆ ಅನ್ನೋದು ಮುಖ್ಯ ಅಲ್ಲ. ಕೊರಿಯನ್ ಕಲಿಯೋ ತುಮಕೂರಿನ ಹುಡುಗಿ ಬರೆದ್ರೂ ಓದ್ತೀನಿ, ಕನ್ನಡ ಕಲಿಯೋ ಬಿಹಾರದ ಹುಡುಗ ಬರೆದ್ರೂ ಓದ್ತೀನಿ. ಹೋದ ವಾರ ಕ್ಯಾಂಟೀನಲ್ಲಿ ನಿಮ್ಮಲ್ಲೇ ಕೆಲವರು ಕೇಳಿದ್ರಿ: “ಅದರಲ್ಲಿ ಓದೋಕೆ ಏನಿರುತ್ತೆ? ಅವರ ಹೋಂವರ್ಕ್ ತಾನೇ?” ಒಂದೇ ಮಾತಲ್ಲಿ ಉತ್ತರ ಮುಗಿಯಲ್ಲ ಅನ್ನಿಸ್ತು. ಅದಕ್ಕೇ ಈ ಸಲದ ಸರಣಿ. ಒಂಬತ್ತು ಭಾಗ. ಟೀ ಹಿಡ್ಕೊಂಡು ಕೂತ್ಕೊಳ್ಳಿ.

ಮೊದಲು ಒಂದು ಸಣ್ಣ ಪರೀಕ್ಷೆ. ಈ ಎರಡರಲ್ಲಿ ಯಾವುದನ್ನ ನೀವು ಕೊನೆ ತನಕ ಓದ್ತೀರಿ ಹೇಳಿ.

ಒಂದು: “ಇವತ್ತು 57ನೇ ದಿನ. 30 ಹೊಸ ಪದ ಕಲಿತೆ. ಒಟ್ಟು 900 ಆಯ್ತು. ಹೀಗೇ ಮುಂದುವರಿಸ್ತೀನಿ.”

ಎರಡು: “ಅಂಗಡಿ ಅಣ್ಣ ತಕ್ಕಡಿಗೆ ಟೊಮೆಟೊ ಹಾಕ್ತಾನೇ ಇದ್ರು. ಪಕ್ಕದ ಆಂಟಿ ‘ಸಾಕು’ ಅಂದ್ರು. ನಮ್ಮ ತೆಲುಗಿನಲ್ಲಿ ಸಾಕು ಅಂದ್ರೆ ಅನ್ನ ಹಾಕಿ ಬೆಳೆಸು ಅಂತ. ಟೊಮೆಟೊನ ಸಾಕಬೇಕಾ? ಅಣ್ಣ ಕೈ ನಿಲ್ಲಿಸಿದ್ರು, ಆಗ ಗೊತ್ತಾಯ್ತು. ರಾತ್ರಿ ಹಾಸ್ಟೆಲ್ ಅಡುಗೆ ಆಂಟಿ ‘ಈ ಬೆಕ್ಕನ್ನ ನಾನೇ ಸಾಕಿದ್ದು’ ಅಂದ್ರು. ಓಹೋ, ಕನ್ನಡದಲ್ಲಿ ಎರಡೂ ಇದೆ. ಬೆಳೆಸು ಅನ್ನೋಕೂ ಅದೇ, ಇನ್ನು ಬೇಡ ಅನ್ನೋಕೂ ಅದೇ. ನೀವೆಲ್ಲ ಹೇಗೆ ಗಲಿಬಿಲಿ ಆಗದೆ ಇದ್ದೀರಿ?”

ನಾನು ಎರಡನೇದನ್ನ ಮೂರು ಸಲ ಓದಿದೆ. ಮಾತು ಬಂದಾಗಿಂದ ‘ಸಾಕು’ ಅಂತಿದ್ದೀನಿ. ಸಾಕುನಾಯಿ, ಸಾಕುತಾಯಿ ಅಂತಾನೂ ಅಂದಿದ್ದೀನಿ. ಎರಡೂ ಒಂದೇ ಸದ್ದು ಅಂತ ಒಂದು ದಿನವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಕನ್ನಡಕ್ಕೆ ಬಂದು ಎರಡು ತಿಂಗಳಾದ ಹುಡುಗಿಗೆ ಬಿತ್ತು.

2/9

ನಮ್ಮ ಬಿಕಾಂನೋರಿಗೆ ಇದನ್ನ ಅರ್ಥ ಮಾಡ್ಸೋದು ಸುಲಭ. ಜರ್ನಲ್ ಎಂಟ್ರಿ ನೆನಪಿಸ್ಕೊಳ್ಳಿ. ತಾರೀಕು, ಡೆಬಿಟ್, ಕ್ರೆಡಿಟ್, ಮೊತ್ತ ಎಲ್ಲ ಬರೆದ ಮೇಲೆ ಕೆಳಗೆ ಒಂದು ಸಾಲು ಬರೀಬೇಕಲ್ವಾ, ನರೇಶನ್ ಅಂತ? ಈ ದುಡ್ಡು ಯಾಕೆ ಹೋಯ್ತು, ಯಾರಿಗೆ ಹೋಯ್ತು ಅಂತ. ಪರೀಕ್ಷೆಯಲ್ಲಿ ಟೈಮ್ ಸಾಲದಿದ್ರೆ ಎಲ್ಲರೂ ಮೊದಲು ಕೈಬಿಡೋದು ಅದನ್ನೇ. ಆದ್ರೆ ಐದು ವರ್ಷ ಬಿಟ್ಟು ಅದೇ ಪುಸ್ತಕ ತೆಗೆದು ನೋಡಿದ್ರೆ, ಆ ದಿನ ಅಂಗಡಿಯಲ್ಲಿ ಏನು ನಡೀತು ಅಂತ ಹೇಳೋದು ಆ ಒಂದು ಸಾಲು ಮಾತ್ರ.

“57ನೇ ದಿನ, 900 ಪದ” ಅನ್ನೋದು ಬ್ಯಾಲೆನ್ಸ್ ಶೀಟ್ ಇದ್ದ ಹಾಗೆ. ಬರೆದವರಿಗೆ ಉಪಯೋಗ ಇದೆ, ಬೇಡ ಅನ್ನಲ್ಲ. ಖುಷಿಗೋಸ್ಕರ ಬ್ಯಾಲೆನ್ಸ್ ಶೀಟ್ ಓದೋರು ಯಾರಾದ್ರೂ ಇದ್ದಾರಾ? ನಮ್ಮ ಲೆಕ್ಚರರ್ ಕೂಡ ಇರ್ಲಿಕ್ಕಿಲ್ಲ.

ಕಲಿಯೋರ ಬರಹ ಓದಿಸ್ಕೊಂಡು ಹೋಗೋದು ನರೇಶನ್ ಇದ್ದಾಗ. ಪದ ಯಾರ ಬಾಯಿಂದ ಬಂತು, ಎಲ್ಲಿ ಬಂತು, ಆಗ ಅದು ಯಾಕೆ ಬೇಕಾಗಿತ್ತು. ಈ ಮೂರು ಇದ್ರೆ ಸಾಕು (ಬೆಳೆಸೋ ಸಾಕು ಅಲ್ಲ).

ಬಿಹಾರದ ಹುಡುಗ ಅಂದೆನಲ್ಲ, ಅವನು ‘ಪರವಾಗಿಲ್ಲ’ದ ಬಗ್ಗೆ ಬರೆದಿದ್ದ. ನಿಘಂಟು ನೋಡಿ ಅರ್ಥ ಬರೆದು ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಬಸ್ಸಲ್ಲಿ ಯಾರದ್ದೋ ಕಾಲು ತುಳಿದ, ಅವರು “ಪರವಾಗಿಲ್ಲ” ಅಂದ್ರು. ಅಂದ್ರೆ ಕ್ಷಮಿಸಿದ್ದಾರೆ. ಮೆಸ್ಸಲ್ಲಿ ಸಾಂಬಾರ್ ಹೇಗಿದೆ ಅಂತ ಕೇಳಿದ್ದಕ್ಕೆ ಗೆಳೆಯ “ಪರವಾಗಿಲ್ಲ” ಅಂದ. ಅಂದ್ರೆ ಚೆನ್ನಾಗಿಲ್ಲ, ತಿನ್ನಬಹುದು. ಇಂಟರ್ನಲ್ಸ್ ಮಾರ್ಕ್ಸ್ ನೋಡಿದ ಮೇಡಂ “ಪರವಾಗಿಲ್ವೇ!” ಅಂದ್ರು. ಅಂದ್ರೆ ಶಭಾಷ್. “ಒಂದೇ ಪದ ಮೂರು ಕಡೆ ಮೂರು ಮುಖ ತೋರಿಸ್ತು, ಯಾವ ಮುಖ ಅಂತ ತಿಳಿಯೋಕೆ ಹೇಳೋರ ಹುಬ್ಬು ನೋಡಬೇಕು” ಅಂತ ಮುಗಿಸಿದ್ದ.

ಅದನ್ನ ಓದಿದ ಮೇಲೆ ಒಂದು ವಾರ ನಾನು ಎಲ್ಲರ ಹುಬ್ಬು ನೋಡ್ತಾ ಓಡಾಡಿದೆ. ಬೇಕಿದ್ರೆ ನೀವೂ ನೋಡಿ.

3/9

ಈಗ ‘ಸಾಕು’ ಬರೆದವಳ ಬಗ್ಗೆ. ಅವಳ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ, ಹೆಸರು ಹಾಕಲ್ಲ. ನಮ್ಮ ಕ್ಲಾಸಿನವಳು. ಕರ್ನೂಲು ಕಡೆಯವಳು, ಮನೆಮಾತು ತೆಲುಗು. ಓದೋಕೆ ಮೈಸೂರಿಗೆ ಬಂದಳು. ಬಂದಾಗ ಒಂದು ವಾಕ್ಯ ಕನ್ನಡ ಗೊತ್ತಿರಲಿಲ್ಲ, ಆದ್ರೆ ಬಸ್ಸಿನ ಬೋರ್ಡ್ ಓದ್ತಿದ್ದಳು. ಕನ್ನಡ ಲಿಪಿ, ತೆಲುಗು ಲಿಪಿ ಅಕ್ಕತಂಗಿಯರಲ್ವಾ, ತಲೆಕಟ್ಟು ಬೇರೆ ಅಷ್ಟೇ. “ಓದೋಕೆ ಬರುತ್ತೆ, ಅರ್ಥ ಆಗಲ್ಲ. ಪರಿಚಯದ ಮುಖ, ಹೆಸರು ನೆನಪಾಗ್ತಿಲ್ಲ ಅನ್ನೋ ಥರ” ಅಂತ ಹೇಳಿದ್ದಳು.

ದಿನಾ ರಾತ್ರಿ ಸ್ಟೇಟಸ್ಸಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಹಾಕೋಕೆ ಶುರು ಮಾಡಿದಳು. ಇಲ್ಲಿ ನಾನು ಹಾಕ್ತಿರೋದು ಅವೇ ಸಾಲುಗಳು, ಅಲ್ಲಲ್ಲಿ ಕಾಗುಣಿತ ಮಾತ್ರ ತಿದ್ದಿದ್ದೀನಿ.

ಒಂದು ದಿನ ಪೇಪರಿನ ಜಾಹೀರಾತು: “ಪಾಲುದಾರರು ಬೇಕಾಗಿದ್ದಾರೆ.” ಪಾರ್ಟ್ನರ್ಶಿಪ್ ಅಕೌಂಟ್ಸ್ ಮಾಡಿರೋ ನಮಗೆ ಪಾಲುದಾರ ಅಂದ್ರೆ ಪಾರ್ಟ್ನರ್. ಅವಳಿಗೆ ಮೊದಲು ಕಂಡಿದ್ದು ಹಾಲಿನವನು. ತೆಲುಗಿನಲ್ಲೂ ಪಾಲು ಅಂದ್ರೆ ಭಾಗ ಅನ್ನೋ ಅರ್ಥ ಇದೆ, ಆದ್ರೆ ಪಾಲು ಅಂದ ಕೂಡಲೇ ಮನಸ್ಸಿಗೆ ಬರೋದು ಹಾಲು. ಅಲ್ಲಿಂದ ಅವಳಿಗೆ ಒಂದು ಬೀಗದ ಕೈ ಸಿಕ್ತು. “ನಿಮ್ಮ ಹ, ನಮ್ಮ ಪ” ಅಂತ ತಲೆಬರಹ ಕೊಟ್ಟು ಪಟ್ಟಿ ಮಾಡಿದಳು: ಹಾಲು, ಪಾಲು. ಹುಲಿ, ಪುಲಿ. ಹೂವು, ಪುವ್ವು. ಹೆಸರು, ಪೇರು. ಹಂದಿ, ಪಂದಿ. ಹಾವು, ಪಾಮು. ಹಾಡು, ಪಾಡು.

ಈ ಪಟ್ಟಿ ನೋಡಿ ನನಗೆ ಬೇರೆ ಏನೋ ನೆನಪಾಯ್ತು. ಪಿಯುಸಿಯಲ್ಲಿ ಹಳೆಗನ್ನಡ ಪದ್ಯ ಬಾಯಿಪಾಠ ಮಾಡಿ ಸುಸ್ತಾಗಿದ್ದೆವಲ್ಲ? ಅಲ್ಲಿ ಹಾಲು ಪಾಲ್ ಆಗಿತ್ತು, ಹುಲಿ ಪುಲಿ, ಹೆಸರು ಪೆಸರ್, ಹಾವು ಪಾವು. ಹತ್ತನೇ ಶತಮಾನದ ಪಂಪನ ಕನ್ನಡದಲ್ಲಿ ಇವೆಲ್ಲ ಪಕಾರದಲ್ಲೇ ಇದ್ದವು. ಆಮೇಲೆ ನಿಧಾನವಾಗಿ ನಮ್ಮ ಬಾಯಲ್ಲಿ ಪ ಕರಗಿ ಹ ಆಯ್ತು. ತೆಲುಗಿನಲ್ಲಿ, ತಮಿಳಿನಲ್ಲಿ, ಪಕ್ಕದ ತುಳುವಿನಲ್ಲೂ ಉಳ್ಕೊಂಡಿತು. ಮಂಗಳೂರಿನ ಹುಲಿವೇಷ ಅಲ್ಲಿಯವರ ಬಾಯಲ್ಲಿ ಪಿಲಿವೇಷ ಅಲ್ವಾ? ನಮ್ಮ ಹಂಪೆ ಕೂಡ ಪಂಪೆಯಿಂದ ಬಂದಿದ್ದು.

ಇದೆಲ್ಲ ನನ್ನ ಪಠ್ಯಪುಸ್ತಕದಲ್ಲೇ ಇತ್ತು. ಆದ್ರೆ ಅದು ಎರಡು ಮಾರ್ಕಿನ ಪ್ರಶ್ನೆಯಾಗಿತ್ತು. ಹಾಲಿನವನನ್ನ ಹುಡುಕ್ತಾ ಹೋದವಳು ತಂದುಕೊಟ್ಟ ಮೇಲೆ ಅದು ನನ್ನ ಬಾಯಲ್ಲಿರೋ ವಿಷಯ ಆಯ್ತು.

4/9

ಈ ಭಾಗಕ್ಕೋಸ್ಕರವೇ ಇಡೀ ಸರಣಿ ಬರೆದೆ ಅಂದ್ರೂ ತಪ್ಪಿಲ್ಲ.

ಹಾಸ್ಟೆಲ್ ರೂಮಲ್ಲಿ ಶನಿವಾರ ರಾತ್ರಿ ಮಾತು: “ನಾಳೆ ಬೆಳಗ್ಗೆ ನಾವು ಚಾಮುಂಡಿ ಬೆಟ್ಟ ಹತ್ತೋಕೆ ಹೋಗ್ತಿದ್ದೀವಿ.” ಹೇಳಿದವರು ಹೇಳಿ ಮಲಗಿದರು. ಅವಳು ಎದ್ದು ಕೂತು ಬರೆದಳು:

“ಈ ‘ನಾವು’ನಲ್ಲಿ ನಾನು ಇದ್ದೀನಾ? ತೆಲುಗಿನಲ್ಲಿ ಎರಡು ನಾವು ಇದೆ. ಮೇಮು ಅಂದ್ರೆ ನಾವು, ನೀನು ಬಿಟ್ಟು. ಮನಂ ಅಂದ್ರೆ ನಾವು, ನೀನೂ ಸೇರಿ. ಅವರು ಮೇಮು ಅಂದಿದ್ರೆ ಮಲಗ್ತಿದ್ದೆ. ಮನಂ ಅಂದಿದ್ರೆ ಬಟ್ಟೆ ತೆಗೆದಿಡ್ತಿದ್ದೆ. ಕನ್ನಡದಲ್ಲಿ ಒಂದೇ. ಕೇಳೋಕೆ ನಾಚಿಕೆ. ‘ನಾನೂ ಬರಲಾ’ ಅಂತ ಕೇಳಿದ್ರೆ, ಕರೀದೆ ಇದ್ದಿದ್ರೆ ಅವರಿಗೆ ಮುಜುಗರ.”

ಮಾರನೇ ದಿನದ ಸಾಲು ಚಿಕ್ಕದು: “ಐದೂವರೆಗೆ ಎದ್ದು ಸ್ನಾನ ಮಾಡಿ ಸುಮ್ಮನೆ ಕೂತಿದ್ದೆ. ಆರಕ್ಕೆ ಬಾಗಿಲು ತಟ್ಟಿದ್ರು. ‘ಏ, ರೆಡಿನಾ? ಬಾ!’ ಮನಂ.”

ನೀವೇ ಹೇಳಿ, ಇದು ಹೋಂವರ್ಕಾ?

ತೆಲುಗು ಮಾತ್ರ ಅಲ್ಲ. ತಮಿಳಿನಲ್ಲಿ ನಾಂಗಳ್ ಬೇರೆ, ನಾಮ್ ಬೇರೆ. ತುಳುವಿನಲ್ಲಿ ಎಂಕುಲು ಬೇರೆ, ನಮ ಬೇರೆ. ನಮ್ಮ ಸುತ್ತಮುತ್ತಲ ಮನೆಗಳಲ್ಲಿ ಎರಡೆರಡು ಬಾಗಿಲು. ನಮ್ಮ ಮನೆಗೆ ಒಂದೇ. ಒಳಗೆ ಹುಟ್ಟಿದವರಿಗೆ ಬಾಗಿಲು ಎಷ್ಟಿದ್ರೇನು, ಹೇಗೂ ಒಳಗೇ ಇದ್ದೀವಿ. ಹೊರಗಿಂದ ಬಂದು ಹೊಸ್ತಿಲ ಹತ್ರ ನಿಂತವರಿಗೆ ಮಾತ್ರ ಅದು ದೊಡ್ಡ ಪ್ರಶ್ನೆ.

ಇದನ್ನ ಓದಿದ ಮೇಲೆ ನಾನು ಹೊಸಬರ ಎದುರು ‘ನಾವು’ ಅಂದ್ರೆ ಅದರ ಜೊತೆ ‘ನೀನೂ ಬಾ’ ಅಂತ ಸೇರಿಸೋಕೆ ಶುರು ಮಾಡಿದೆ. ಕಲಿಯೋಳು ಅವಳು, ಭಾಷೆ ಬಳಸೋ ರೀತಿ ಬದಲಾಗಿದ್ದು ನನ್ನದು. ಒಳ್ಳೆ ಕಲಿಕೆಯ ಬರಹ ಓದುಗರಿಗೆ ಮಾಡೋದು ಇದನ್ನೇ. ನಮ್ಮ ಮನೆಗೆ ನಾವೇ ಹೊರಗಿಂದ ಬಂದ ಹಾಗೆ ಮಾಡುತ್ತೆ.

5/9

“ಇದೆಲ್ಲ ಈಗಿನ ಸ್ಟೇಟಸ್ ಕಾಲದ ಶೋಕಿ” ಅನ್ನೋರಿಗೆ ಒಂದು ಹಳೇ ಉದಾಹರಣೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಒಂದು ಪ್ರತಿಮೆ ಇದೆ, ಫರ್ಡಿನಂಡ್ ಕಿಟೆಲ್ ಅವರದ್ದು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಇಲ್ಲಿಗೆ ಬಂದರು. ಬಂದ ಉದ್ದೇಶ ಧರ್ಮಪ್ರಚಾರ. ನಮ್ಮ ಕೈಯಲ್ಲಿ ಉಳಿದಿದ್ದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟು. ಸುಮಾರು 70,000 ಪದ.

ನಿಘಂಟು ಅಂದ್ರೆ ಒಣಒಣ ಅಂದ್ಕೋಬೇಡಿ. ಕಿಟೆಲ್ ಪದದ ಅರ್ಥ ಬರೆದು ಸುಮ್ಮನಾಗಲಿಲ್ಲ. ಅದೇ ಪದ ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಹೇಗಿದೆ ಅಂತ ಪಕ್ಕದಲ್ಲಿಟ್ಟರು. ಜನರ ಬಾಯಲ್ಲಿದ್ದ ಗಾದೆಗಳನ್ನ ಪದಗಳ ಕೆಳಗೆ ತಂದು ಕೂರಿಸಿದರು. ಗಾದೆ ಇದ್ರೆ ಪದಕ್ಕೆ ಮನೆ ಸಿಗುತ್ತೆ, ಹೊಲ ಸಿಗುತ್ತೆ, ಅತ್ತೆಸೊಸೆ ಸಿಗ್ತಾರೆ. ಮತ್ತೆ ಅದೇ ಮಾತು, ನರೇಶನ್.

ಈ ಕಥೆ ಹೇಳಿದಾಗ ನಮ್ಮ ಕರ್ನೂಲಿನವಳು ಸೋಲೊಪ್ಪಲಿಲ್ಲ. “ನಮಗೂ ಒಬ್ಬರಿದ್ದಾರೆ” ಅಂದಳು. ಸಿ.ಪಿ. ಬ್ರೌನ್. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ ಕಡಪದಲ್ಲಿದ್ದವರು. ತೆಲುಗು ಕಲಿತು, ಅಲ್ಲಲ್ಲಿ ಚೆದುರಿ ಹೋಗಿದ್ದ ವೇಮನನ ಪದ್ಯಗಳನ್ನ ಹುಡುಕಿ ಒಟ್ಟು ಮಾಡಿ 1829ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ತೆಲುಗು ನಿಘಂಟನ್ನೂ ಮಾಡಿದರು. ಕಡಪದಲ್ಲಿ ಅವರ ಹೆಸರಿನ ಗ್ರಂಥಾಲಯ ಈಗಲೂ ಇದೆ.

ಇಬ್ಬರೂ ದೊಡ್ಡ ವಿದ್ವಾಂಸರು, ಸರಿ. ಆದ್ರೆ ಶುರುವಿನಲ್ಲಿ ಇಬ್ಬರೂ ಪಕ್ಕದವರನ್ನ “ಇದಕ್ಕೆ ಏನಂತೀರಿ?” ಅಂತ ಕೇಳ್ತಾ ಕೂತವರೇ ಅಲ್ವಾ? ಆ ಪ್ರಶ್ನೆಗೆ ಉತ್ತರ ಹೇಳಿದ ನಮ್ಮ ಊರಿನವರೂ ಆ ಪುಸ್ತಕದ ಒಳಗೆ ಇದ್ದಾರೆ, ಹೆಸರಿಲ್ಲದೆ.

6/9

ಈಗ ನಮ್ಮ ಕಾಲಕ್ಕೆ ಬರೋಣ. ಕಿಟೆಲ್, ಬ್ರೌನ್ ಇಬ್ಬರಿಗೂ ಕೆಲಸಕ್ಕೆ ಭಾಷೆ ಬೇಕಿತ್ತು. ಯಾವ ಅಗತ್ಯವೂ ಇಲ್ಲದೆ, ಪ್ರೀತಿಗೆ ಬಿದ್ದು ಕಲಿತವರ ಬರಹ ಹೇಗಿರುತ್ತೆ?

ಜುಂಪಾ ಲಾಹಿರಿ ಗೊತ್ತಿರಬಹುದು. ಅಪ್ಪಅಮ್ಮ ಬಂಗಾಳಿಗಳು, ಹುಟ್ಟಿದ್ದು ಲಂಡನ್ನಿನಲ್ಲಿ, ಬೆಳೆದಿದ್ದು ಅಮೆರಿಕದಲ್ಲಿ. ಮೊದಲ ಇಂಗ್ಲಿಷ್ ಕಥಾಸಂಕಲನಕ್ಕೇ 2000ದಲ್ಲಿ ಪುಲಿಟ್ಜರ್ ಬಂತು. ಅಷ್ಟು ಹೆಸರಿದ್ದವರು ಇಟಾಲಿಯನ್ ಕಲಿಯೋಕೆ ಹೊರಟರು. 2012ರಲ್ಲಿ ಮನೆಮಂದಿ ಸಮೇತ ರೋಮ್‌ಗೆ ಹೋಗಿ ನೆಲೆಸಿದರು. 2015ರಲ್ಲಿ ‘ಇನ್ ಆಲ್ತ್ರೆ ಪರೋಲೆ’ ಅನ್ನೋ ಪುಸ್ತಕವನ್ನ ಇಟಾಲಿಯನ್ನಲ್ಲೇ ಬರೆದರು, ಕಲಿಯೋಳ ಇಟಾಲಿಯನ್ನಲ್ಲಿ. ಅದರ ಇಂಗ್ಲಿಷ್ ಅನುವಾದವನ್ನೂ ಅವರು ತಾವೇ ಮಾಡಲಿಲ್ಲ, ಬೇರೆಯವರಿಗೆ ಬಿಟ್ಟರು.

ಆ ಪುಸ್ತಕದಲ್ಲಿ ಕ್ರಿಯಾಪದದ ಭೂತಕಾಲ ಸರಿ ಹಾಕೋಕೆ ಆಗದೆ ಒದ್ದಾಡೋ ಅಧ್ಯಾಯ ಇದೆ. ನನಗೆ ಮರೀದೆ ಉಳಿದಿದ್ದು ಸಲೆರ್ನೊ ಊರಿನ ಅಂಗಡಿ. ಲಾಹಿರಿ ಅಲ್ಲಿ ಬಟ್ಟೆ ತಗೊಳ್ತಾ ಇಟಾಲಿಯನ್ನಲ್ಲಿ ಚೆನ್ನಾಗೇ ಮಾತಾಡ್ತಾರೆ. ಆಮೇಲೆ ಬಂದ ಅವರ ಗಂಡ ಕೆಲವೇ ಮಾತಾಡ್ತಾರೆ. ಅಂಗಡಿಯವಳು ಮೆಚ್ಚೋದು ಗಂಡನ ಇಟಾಲಿಯನ್ನನ್ನ! ಯಾಕಂದ್ರೆ ಅವರ ಮುಖ, ಹೆಸರು ಅಲ್ಲಿಯವರ ಥರ ಇದೆ. ಲಾಹಿರಿಯವರದ್ದು ಇಲ್ಲ.

ಪುಲಿಟ್ಜರ್ ಬಂದವರೂ ಅಂಗಡಿಯ ಕೌಂಟರ್ ಮುಂದೆ ನಿಂತಾಗ ನಮ್ಮ ಕ್ಲಾಸಿನವಳ ಪ್ರಶ್ನೆಯನ್ನೇ ಕೇಳ್ಕೊಳ್ತಾರೆ. ಈ ‘ನಾವು’ನಲ್ಲಿ ನಾನು ಇದ್ದೀನಾ? ಭಾಷೆ ಕಲಿಯೋರ ಬರಹವನ್ನ ಉಸಿರು ಹಿಡ್ಕೊಂಡು ಓದಿಸೋದು ಇದೇ. ವ್ಯಾಕರಣ ಮೇಲಿನ ಪದರ. ಒಳಗೆ ಒಬ್ಬ ಮನುಷ್ಯ ಬಾಗಿಲು ತಟ್ಟಿ ಕಾಯ್ತಿರ್ತಾನೆ. ತೆಗೀತಾರಾ, ಇಲ್ವಾ ಅಂತ ಓದೋ ನಾವೂ ಜೊತೆಗೆ ಕಾಯ್ತೀವಿ.

7/9

ಈಗ ಕಷ್ಟದ ಭಾಗ. ಬಾಗಿಲು ತೆಗೀದೇ ಇದ್ದ ದಿನ.

ದಸರಾ ರಜೆಗೆ ಮುಂಚೆ ಅವಳ ಅಮ್ಮ ಅವಳನ್ನ ನೋಡೋಕೆ ಬಂದಿದ್ದರು. ಎರಡು ಬಸ್ಸು ಬದಲಾಯಿಸಿ, ಉಪ್ಪಿನಕಾಯಿ ಡಬ್ಬ ಹೊತ್ತು. ಅವತ್ತಿನ ಸಾಲು: “ಅಮ್ಮ ಊರಿಂದ ಬಂತು. ನನ್ನ ಕನ್ನಡ ಕೇಳಿ ನಕ್ಕಿತು. ತುಂಬ ಖುಷಿ.”

ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದರು. ರಾತ್ರಿಯೊಳಗೆ ಸ್ಟಿಕರ್ ರೆಡಿ: “ಅಮ್ಮ ಬಂತು, ಬಸ್ ಬಂತು.” ಗುಂಪಿನಲ್ಲಿ ಒಬ್ಬರು ಹಾಕಿದ್ರು, ಹತ್ತು ಜನ ನಗೋ ಮುಖ ಒತ್ತಿದ್ರು. ಒಬ್ಬರು “ಅಮ್ಮನಿಗೆ ಮರ್ಯಾದೆ ಇಲ್ವಾ” ಅಂತ ಬುದ್ಧಿ ಹೇಳಿದ್ರು.

ಅವಳು ಏನೂ ಹೇಳಲಿಲ್ಲ. ಮಾರನೇ ದಿನದಿಂದ ಸ್ಟೇಟಸ್ ಖಾಲಿ. ಒಂದು ವಾರ, ಎರಡು ವಾರ, ಎರಡು ತಿಂಗಳು. ಕ್ಲಾಸಲ್ಲಿ ಇಂಗ್ಲಿಷ್ ಮಾತ್ರ. ಕ್ಯಾಂಟೀನ್ ಅಣ್ಣನ ಹತ್ರಾನೂ ಬೆರಳು ತೋರಿಸಿ ಟೀ ತಗೊಳ್ಳೋಳು.

ಆ ವಾಕ್ಯ ಹಾಗೆ ಯಾಕೆ ಬಂತು ಅಂತ ಹೇಳ್ತೀನಿ ಕೇಳಿ. ತೆಲುಗಿನಲ್ಲಿ ಒಬ್ಬ ಹೆಂಗಸಿಗೂ ಒಂದು ವಸ್ತುವಿಗೂ ಕ್ರಿಯಾಪದದ ಕೊನೆ ಒಂದೇ. ಅಮ್ಮ ವಚ್ಚಿಂದಿ, ಬಸ್ಸು ವಚ್ಚಿಂದಿ. ಅದರಲ್ಲಿ ಅಮ್ಮನಿಗೆ ಅವಮಾನ ಏನೂ ಇಲ್ಲ, ಆ ಭಾಷೆಯ ಕಟ್ಟು ಹಾಗಿದೆ. ಅವಳು ಕನ್ನಡದ ಪದ ತಂದು ತೆಲುಗಿನ ಅಚ್ಚಿನಲ್ಲಿ ಹೊಯ್ದಳು. ಕಲಿಯೋರೆಲ್ಲ ಮಾಡೋದು ಅದೇ.

ಇನ್ನೊಂದು ವಿಷಯ. ನಮ್ಮ ಕ್ಲಾಸಲ್ಲಿ ಶಿರಸಿ ಕಡೆಯ ಹುಡುಗ ಒಬ್ಬ ಇದ್ದಾನೆ, ಮನೆಯಲ್ಲಿ ಹವ್ಯಕ ಕನ್ನಡ. ಗುಂಪಿನಲ್ಲಿ ತಡವಾಗಿ ಎಲ್ಲ ನೋಡಿ ಒಂದು ವಾಯ್ಸ್ ನೋಟ್ ಹಾಕಿದ: “ನಮ್ಮನೇಲಿ ಅಕ್ಕ ಬಂತು ಅಂತಾನೇ ಹೇಳೋದು. ಹೆಂಗಸರಿಗೆಲ್ಲ ‘ಅದು’, ‘ಬಂತು’ ಅಂತಾನೇ ಪ್ರೀತಿಯಿಂದ ಹೇಳ್ತೀವಿ. ನಮ್ಮದು ಕನ್ನಡ ಅಲ್ವಾ ಹಾಗಾದ್ರೆ?”

ಗುಂಪು ತಣ್ಣಗಾಯ್ತು. ನಿಜ ತಾನೇ? ಹವ್ಯಕರ ಮನೆಗಳಲ್ಲಿ ಹೆಂಗಸರಿಗೆ ನಪುಂಸಕಲಿಂಗವೇ ರೂಢಿ. ಅಷ್ಟೇ ಯಾಕೆ, ನಾವೆಲ್ಲರೂ ‘ಮಗು ಬಂತು, ಪಾಪು ನಗ್ತು’ ಅನ್ನಲ್ವಾ? ನಕ್ಕವರಿಗೆ ತೆಲುಗು ಗೊತ್ತಿರಲಿಲ್ಲ, ಸರಿ. ಅವರಿಗೆ ಕನ್ನಡವೂ ಪೂರ್ತಿ ಗೊತ್ತಿರಲಿಲ್ಲ.

8/9

ತಿದ್ದಬಾರದು ಅಂತ ನಾನು ಹೇಳ್ತಿಲ್ಲ. ತಿದ್ದದೆ ಬಿಟ್ರೆ ಕಲಿಯೋದು ಹೇಗೆ? ಆಮೇಲೊಂದು ದಿನ ಅವಳನ್ನೇ ಕೇಳಿದೆ, ಯಾವ ಥರ ತಿದ್ದಿದ್ರೆ ಸರಿ ಅಂತ. ಅವಳು ಹೇಳಿದ್ದು ಹಾಸ್ಟೆಲ್ ಅಡುಗೆ ಆಂಟಿ ಬಗ್ಗೆ. ಅವಳು “ಅಮ್ಮ ಬಂತು” ಅಂದಾಗ ಆಂಟಿ ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲವಂತೆ. “ಹೌದಾ, ಅಮ್ಮ ಬಂದ್ರಾ? ಊಟಕ್ಕೆ ಕರ್ಕೊಂಡ್ ಬಾ” ಅಂದ್ರಂತೆ. ತಿದ್ದಿದ್ದೂ ಆಯ್ತು, ಕರೆದಿದ್ದೂ ಆಯ್ತು.

ಸ್ಟಿಕರ್ ಮಾಡಿದವರೂ ತಿದ್ದಿದ್ದು ಅದೇ ಪದವನ್ನ. ವ್ಯತ್ಯಾಸ ಎಲ್ಲಿದೆ ನೋಡಿ. ಆಂಟಿಗೆ ಅಮ್ಮ ಬಂದ ಸುದ್ದಿ ಕೇಳಿಸ್ತು. ಇವರಿಗೆ ‘ಬಂತು’ ಮಾತ್ರ ಕೇಳಿಸ್ತು.

ಕನ್ನಡ ಉಳೀಬೇಕು, ಬೆಳೀಬೇಕು ಅಂತ ನವೆಂಬರ್ 1ರಂದು ನಾವೆಲ್ಲ ಹಳದಿ ಕೆಂಪು ಹಾಕ್ತೀವಿ. ಬಂದವರು ಕನ್ನಡ ಕಲೀಬೇಕು ಅಂತ ಗಟ್ಟಿಯಾಗಿ ಹೇಳ್ತೀವಿ, ನಾನೂ ಹೇಳ್ತೀನಿ. ಕಲಿಯೋಕೆ ಶುರು ಮಾಡಿದವರ ಮೊದಲ ಆರು ತಿಂಗಳ ಕನ್ನಡ ಹೀಗೇ ಇರುತ್ತೆ, ಓರೆಕೋರೆಯಾಗಿ, ಅಮ್ಮ ಬಂತು ಅಂತ. ಆ ಆರು ತಿಂಗಳನ್ನ ದಾಟಿಸೋದು ಯಾರ ಕೆಲಸ? ಅಲ್ಲಿ ನಗು ಕೇಳಿಸಿದ್ರೆ ಅವರಿಗೆ ಸುಲಭದ ದಾರಿ ಇದ್ದೇ ಇದೆ, ಇಂಗ್ಲಿಷ್. ಆಗ ನಷ್ಟ ಯಾರಿಗೆ? ಅವಳಿಗೆ ಪದವಿ ಹೇಗೂ ಸಿಗುತ್ತೆ. ನನಗೆ ಎರಡು ತಿಂಗಳು ‘ಸಾಕು’, ‘ಪಾಲು’, ‘ನಾವು’ ಥರದ್ದು ಒಂದೂ ಸಿಗಲಿಲ್ಲ. ನನ್ನ ಭಾಷೆಯನ್ನ ನನಗೆ ತೋರಿಸ್ತಿದ್ದ ಕಿಟಕಿ ಮುಚ್ಚಿತ್ತು.

ಶಿರಸಿ ಹುಡುಗನ ವಾಯ್ಸ್ ನೋಟ್ ಅವಳಿಗೆ ಯಾರೋ ಕೇಳಿಸಿದ್ರು. ಎರಡು ದಿನ ಬಿಟ್ಟು ಕಾಸ್ಟ್ ಅಕೌಂಟಿಂಗ್ ನೋಟ್ಸಿನ ಕೊನೇ ಹಾಳೆಯಲ್ಲಿ ಪೆನ್ಸಿಲ್ಲಲ್ಲಿ ಬರೆದಿದ್ದಳು, ನನಗೆ ತೋರಿಸಿದಳು: “ನನ್ನ ತಪ್ಪು ಇನ್ನೊಬ್ಬರ ಮನೆಯಲ್ಲಿ ಸರಿ. ಆ ಮನೆ ಎಲ್ಲಿದೆ ನೋಡಬೇಕು.”

9/9

ಕೊನೇ ಭಾಗ. ನಿಮ್ಮಲ್ಲಿ ಯಾರಾದ್ರೂ ಏನಾದ್ರೂ ಭಾಷೆ ಕಲೀತಿದ್ರೆ, ದಯವಿಟ್ಟು ಬರೀರಿ. ಜಪಾನೀಸ್ ಆಗಲಿ, ಹಿಂದಿ ಆಗಲಿ, ನಿಮ್ಮಜ್ಜಿ ಮಾತಾಡಿ ನಿಮಗೆ ಬರದೇ ಹೋದ ಕೊಂಕಣಿ, ಕೊಡವ, ಬ್ಯಾರಿ ಆಗಲಿ. ಓದೋ ಚಟ ಇರೋಳು/ಇರೋನು ಯಾರು ಅಂತ ಈಗ ನಿಮಗೆ ಗೊತ್ತಲ್ಲ. ಓದುಗರ ಕಡೆಯಿಂದ ಮೂರೇ ಬೇಡಿಕೆ.

ದಿನಕ್ಕೆ ಒಂದೇ ಪದ ಸಾಕು, ಆದ್ರೆ ಅದು ಸಿಕ್ಕ ಜಾಗ ಹೇಳಿ. ಬಸ್ಸಾ, ಆಸ್ಪತ್ರೆಯಾ, ಜಗಳದ ಮಧ್ಯೆಯಾ?

ಪೂರ್ತಿ ಬರೋ ತನಕ ಕಾಯಬೇಡಿ. ಪೂರ್ತಿ ಬಂದ ಮೇಲೆ ನಿಮಗೂ ನಮ್ಮ ಹಾಗೆ ಕಿವಿ ಮಂದ ಆಗುತ್ತೆ. ಬೆರಗು ಇರೋದು ಶುರುವಿನಲ್ಲೇ.

ಯಾಕೆ ಕಲೀತಿದ್ದೀರಿ ಅಂತ ಹೇಳಿ, ಅದು ಎಷ್ಟೇ ಸಣ್ಣ ಕಾರಣ ಆಗಿರಲಿ. ಹಂಗೇರಿಯ ಕಾತೊ ಲೊಂಬ್ ಅಂತ ಒಬ್ಬರಿದ್ದರು, 1909ರಲ್ಲಿ ಹುಟ್ಟಿದವರು. ಓದಿದ್ದು ರಸಾಯನಶಾಸ್ತ್ರ, ಆಮೇಲೆ ದುಭಾಷಿಯಾಗಿ ಹದಿನಾರು ಭಾಷೆಗಳಲ್ಲಿ ಕೆಲಸ ಮಾಡಿದರು. ತಾವು ಭಾಷೆ ಕಲಿಯೋ ಬಗೆಯನ್ನ 1970ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ವಿಧಾನಗಳಿಗಿಂತ ನನಗೆ ನೆನಪಿರೋದು ಒಂದು ಚಿತ್ರ. ಎರಡನೇ ಮಹಾಯುದ್ಧ, ಮೇಲೆ ಬಾಂಬ್, ಅವರು ನೆಲಮಾಳಿಗೆಯಲ್ಲಿ. ರಷ್ಯನ್ ಓದೋದು ಯಾರಿಗೂ ಗೊತ್ತಾಗಬಾರದು ಅಂತ ಗೊಗೊಲ್‌ನ ಕಾದಂಬರಿಯ ಹಾಳೆಗಳನ್ನ ದಪ್ಪ ವಿಶ್ವಕೋಶದೊಳಗೆ ಸೇರಿಸಿ ಓದ್ತಿದ್ರು. ಅಂಥವರು ಬರೆದ ವ್ಯಾಕರಣದ ಮಾತನ್ನೂ ನಾವು ಓದ್ತೀವಿ, ಯಾಕಂದ್ರೆ ಆ ಪದಗಳಿಗೆ ಎಷ್ಟು ಬೆಲೆ ಕೊಟ್ಟಿದ್ದಾರೆ ಅಂತ ಗೊತ್ತಿದೆ.

ನಮ್ಮ ಕ್ಲಾಸಿನವಳು ಸ್ಟೇಟಸ್ಸಿಗೆ ಇನ್ನೂ ವಾಪಸ್ ಬಂದಿಲ್ಲ. ಬರೋದು ಅವಳಿಷ್ಟ. ಆದ್ರೆ ಪೆನ್ಸಿಲ್ ಸಾಲುಗಳು ಈಗ ಏಳು ಹಾಳೆ ಆಗಿವೆ, ಮತ್ತೆ ಒಂದು ಹೊಸ ಕೆಲಸ ಹಿಡಿದಿದ್ದಾಳೆ. ಕರ್ನಾಟಕದ ಯಾವ ಊರಲ್ಲಿ ಅಕ್ಕ ಹೇಗೆ ಬರ್ತಾಳೆ ಅಂತ ಪಟ್ಟಿ ಮಾಡ್ತಿದ್ದಾಳೆ. ಬಂದಳು, ಬಂದ್ಲು, ಬಂದ್ರು, ಬಂತು. ಇಲ್ಲಿ ತನಕ ಹನ್ನೊಂದು ಊರು ಸಿಕ್ಕಿದೆ.

ನಿಮ್ಮ ಮನೆಯಲ್ಲಿ ಏನಂತೀರಿ? ಊರು, ತಾಲೂಕು ಸೇರಿಸಿ ನನಗೆ ಕಳಿಸಿ. ಅವಳಿಗೆ ತಲುಪಿಸ್ತೀನಿ.